ಮೂರು ವಾರದ ಚೀಟಿ

ನಮ್ಮ ನೆಂಟರಲ್ಲಿ ಈಗ ಎಲ್ಲರೂ ಹೇಳುವುದು ಒಂದೇ ಕಥೆ: ಅಜ್ಜಿಯ ನಲವತ್ತು ದಿನದ ಹಟದಿಂದ ಮಗುವಿನ ಪರೀಕ್ಷೆ ತಡವಾಯಿತು. ಬಾಣಂತಿಯೂ ಶಿಶುವೂ ಹೊಸಿಲು ದಾಟಬಾರದೆಂದು ಊರಿನಿಂದ ಬಂದ ಮುದುಕಿ ಪಟ್ಟು ಹಿಡಿದರಂತೆ. ಮುಂಬಯಿಯಲ್ಲಿ ಹುಟ್ಟಿ ಓದಿದ ಮೊಮ್ಮಕ್ಕಳು ಬಾಯಿ ಮುಚ್ಚಿಕೊಂಡರಂತೆ. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ನಾನು ಬಾಯಿ ಮುಚ್ಚಿಕೊಂಡ ದಿನ ಯಾವುದೆಂದು ಇವರಲ್ಲಿ ಒಬ್ಬರಾದರೂ ಕೇಳಬೇಡವೇ? ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತದ್ದು ಇಷ್ಟು: ಎಲ್ಲರೂ ಇಷ್ಟು ಸಲೀಸಾಗಿ ಒಪ್ಪುವ ವಾದದಲ್ಲಿ ಯಾವುದೋ ಒಂದು ಸಾಕ್ಷಿಯನ್ನು ಬಿಟ್ಟಿರುತ್ತಾರೆ. ಇಲ್ಲಿ ಬಿಟ್ಟಿರುವುದು ನನ್ನನ್ನು.

ಅಕ್ಕನ ಮಗ ಹುಟ್ಟಿದ ಎರಡನೇ ದಿನ ಬಾಂದ್ರಾದ ಆಸ್ಪತ್ರೆಯಲ್ಲಿ ಕಿವಿಯ ತಪಾಸಣೆ ನಡೆಯಿತು. ಬಲಗಿವಿ ಸರಿ ಇತ್ತು. ಎಡಗಿವಿ ಎರಡು ಸಲವೂ ಉತ್ತರ ಕೊಡಲಿಲ್ಲ. ಒಳಗೆ ನೀರು ನಿಂತಿರಬಹುದು, ತಿಂಗಳು ಕಳೆದು ಮತ್ತೆ ನೋಡೋಣ ಎಂದ ಡಾಕ್ಟರು ಚೀಟಿಯಲ್ಲಿ ಇನ್ನೊಂದು ಪರೀಕ್ಷೆಯನ್ನೂ ಬರೆದರು: ಮಗುವಿನ ಮೂತ್ರದಲ್ಲಿ ಸೈಟೊಮೆಗಾಲೊವೈರಸ್ ಇದೆಯೇ ಎಂದು. ಬಸುರಿನಲ್ಲಿ ತಾಯಿಯಿಂದ ದಾಟಿದರೆ ಕೆಲವು ಮಕ್ಕಳ ಕಿವಿ ಕೆಡಿಸುವ ವೈರಸ್ಸದು. ‘ಮೂರು ವಾರದೊಳಗೆ’ ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದರು.

ಹನ್ನೆರಡನೇ ದಿನ, ಭಾಂಡುಪ್‌ನ ನಮ್ಮ ಮನೆಯ ಅಡುಗೆಮನೆ. ನಾವು ಮೂವರೇ. ಅಜ್ಜಿ ಅಕ್ಕನಿಗಾಗಿ ಕಾಳುಮೆಣಸಿನ ಸಾರು ಕುದಿಸುತ್ತಿದ್ದರು. ಅಕ್ಕ ಚೀಟಿ ತೆಗೆದಳು.

“ಮಗುವನ್ನು ಹೊರಗೆ ತೆಗೊಂಡು ಹೋಗ್ಲಿಕ್ಕಿಲ್ಲ, ನಲವತ್ತು ಕಳೀಲಿ,” ಎಂದರು ಅಜ್ಜಿ. ಇಲ್ಲಿಯವರೆಗೆ ನೆಂಟರ ಕಥೆ ನಿಜ. ಸೌಟು ತಿರುಗಿಸುತ್ತ ಅವರು ಮತ್ತೆ ಕೇಳಿದರು: “ಅಲ್ಲ ಮಾರಾಯ್ತಿ, ಅವರಿಗೆ ಬೇಕಾದ್ದು ಮಗುವಾ, ಮಗುವಿನ ಮೂತ್ರವಾ?”

“ಮೂತ್ರ,” ಎಂದಳು ಅಕ್ಕ.

“ಮತ್ತೆಂತ? ಬಾಟ್ಲಿಯಲ್ಲಿ ಹಿಡಿದು ಇವಳು ಕೊಟ್ಟು ಬರ್ಲಿ. ಇವಳಿಗೆಂತ ಬಾಣಂತನವಾ?”

ಆಸ್ಪತ್ರೆಯಿಂದ ಬಂದ ಮೇಲೆ ಅಕ್ಕ ನಕ್ಕಿದ್ದು ಅದೇ ಮೊದಲು. ಮಾತು ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಹಿಂದಿನ ರಾತ್ರಿ ನಾನು ಫೋನಿನಲ್ಲಿ ಎರಡು ಗಂಟೆ ಓದಿದ್ದೆ.

“ಅಜ್ಜಿ, ಈ ವೈರಸ್ ನಿಮ್ಮ ಮೈಯಲ್ಲೂ ಉಂಟು, ಗೊತ್ತಾ?”

“ನನ್ನ ಮೈಯಲ್ಲಿ ಎಂತ ಇಲ್ಲ ಹೇಳು. ಮಂಡಿನೋವು, ಸಕ್ಕರೆ, ನಿನ್ನ ಅಜ್ಜನ ಮೇಲಿನ ಸಿಟ್ಟು.”

“ತಮಾಷೆ ಅಲ್ಲ. ನಮ್ಮ ದೇಶದಲ್ಲಿ ಹೆಚ್ಚಿನವರಿಗೆ ಸಣ್ಣವರಿದ್ದಾಗಲೇ ಎಂಜಲಿನಿಂದ ಬಂದಿರ್ತದೆ. ಮೈಯಲ್ಲಿ ಸುಮ್ಮನೆ ಕೂತಿರ್ತದೆ. ಎಲ್ಲರಲ್ಲೂ ಇರುವುದನ್ನು ಹುಡುಕಿ ‘ಸಿಕ್ಕಿತು’ ಅಂದ್ರೆ ಅದು ಪತ್ತೆಯಾ? ಇದೆಲ್ಲ ಲ್ಯಾಬಿನವರ ಧಂದಾ ಅಕ್ಕ. ಆ ಕಿವಿಯಲ್ಲಿ ನೀರು ನಿಂತಿರ್ತದೆ, ಅಷ್ಟೇ.”

ಬಿಡಿಬಿಡಿಯಾಗಿ ನೋಡಿದರೆ ಬಹುಪಾಲು ನಿಜವೇ. ದೊಡ್ಡವರ ರಕ್ತ ನೋಡಿದರೆ ವೈರಸ್ ಎಂದಾದರೂ ಬಂದಿತ್ತೇ ಎಂದು ತಿಳಿಯುತ್ತದೆ. ಹಸುಗೂಸಿನ ಮೂತ್ರ ಕೇಳುವ ಪ್ರಶ್ನೆ ಬೇರೆ: ಹುಟ್ಟುವ ಮೊದಲೇ ಬಂದಿತ್ತೇ? ಮೊದಲನೆಯದಕ್ಕೆ ಸಲ್ಲುವ ಉತ್ತರವನ್ನು ನಾನು ಎರಡನೆಯದಕ್ಕೆ ಅಂಟಿಸಿದ್ದೆ. ಎದುರು ತಂಡದವರಿದ್ದರೆ ಹಿಡಿಯುತ್ತಿದ್ದರೇನೋ. ಅಕ್ಕ ನನ್ನ ಮುಖವನ್ನೇ ನೋಡಿ, ಚೀಟಿಯನ್ನು ಮಡಿಚಿ ಎಣ್ಣೆ ಬಾಟಲಿಯ ಕೆಳಗಿಟ್ಟಳು.

“ಮಾತಿನಲ್ಲಿ ನಿನ್ನನ್ನು ಹಿಡಿಯುವವರು ಯಾರು,” ಎಂದು ಅಜ್ಜಿ ಒಲೆ ಆರಿಸಿದರು.

ನಲವತ್ತು ಕಳೆದ ಮೇಲಿನ ತಪಾಸಣೆಯಲ್ಲಿ ಎಡಗಿವಿ ಕೇಳುವುದಿಲ್ಲವೆಂದು ಖಚಿತವಾಯಿತು. “ಆ ಮೂತ್ರದ ರಿಪೋರ್ಟ್ ಎಲ್ಲಿ?” ಎಂದರು ಡಾಕ್ಟರು. ಅಂದೇ ವಡಾಲದ ಲ್ಯಾಬಿಗೆ ಓಡಿದೆವು. ಅಕ್ಕನೂ ನಾನೂ ಮಾತಾಡುವುದನ್ನು ಕೇಳಿ ಕೌಂಟರಿನ ಮನುಷ್ಯ ಕನ್ನಡಕ್ಕೆ ತಿರುಗಿದ, ವಿಜಯಪುರದ ಕಡೆಯವನು. ಹುಟ್ಟಿದ ತಾರೀಕು ಬರೆದುಕೊಳ್ಳುತ್ತಿದ್ದವನು ಕೈ ನಿಲ್ಲಿಸಿದ.

“ತಡಾ ಮಾಡೀರಲ್ರೀ ಅಕ್ಕಾರ. ಇಲ್ಲಂತ ಬಂದ್ರ ನಿಮ್ಮ ನಸೀಬ. ಅದ ಅಂತ ಬಂದ್ರ, ಹೊಟ್ಟ್ಯಾಗಿದ್ದಾಗ ಬಂತೋ, ಹುಟ್ಟಿದ ಮ್ಯಾಲೆ ತಾಯಿ ಹಾಲಿನಾಗ ಬಂತೋ, ಈಗ ಯಾವ ಮಷೀನೂ ಹೇಳೂದಿಲ್ರೀ.”

‘ಇದೆ’ ಎಂದೇ ಬಂತು.

ಹುಟ್ಟುವ ಮೊದಲು ಬಂದಿದ್ದರೆ ಎಡಗಿವಿಗೆ ಅದೇ ಕಾರಣ. ಬಲಗಿವಿಯೂ ಮುಂದೆ ಯಾವಾಗಲಾದರೂ ಕುಗ್ಗಬಹುದು. ಹಾಲಿನಿಂದ ಬಂದಿದ್ದರೆ, ತಿಂಗಳು ತುಂಬಿ ಹುಟ್ಟಿದ ಮಗುವಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ; ಎಡಗಿವಿಗೆ ಕಾರಣ ಬೇರೆ. ಔಷಧಿ ಇದೆ, ಆದರೆ ಅದನ್ನು ಮೊದಲ ತಿಂಗಳಲ್ಲೇ ಶುರು ಮಾಡಿದರೆ ಒಳ್ಳೆಯದು. ರಕ್ತದ ಬಿಳಿಕಣಗಳನ್ನು ತಗ್ಗಿಸುವ ಅದನ್ನು ಬರೀ ಊಹೆಯ ಮೇಲೆ ಕೊಡಲಾರೆ ಎಂದರು ಡಾಕ್ಟರು. ಎರಡು ಪಕ್ಷವೂ ಸರಿಸಮ, ತೀರ್ಪುಗಾರರಿಲ್ಲ.

ಈಗ ಅವನಿಗೆ ಒಂದೂವರೆ ವರ್ಷ. ಕೆಲವು ತಿಂಗಳಿಗೊಮ್ಮೆ ಬಲಗಿವಿಯ ಪರೀಕ್ಷೆ. ನಡುವಿನ ದಿನಗಳಲ್ಲಿ ಅಕ್ಕ ಅವನ ಬೆನ್ನ ಹಿಂದೆ ಬೇಕೆಂದೇ ಚಮಚ ಬೀಳಿಸುತ್ತಾಳೆ. ಅವನು ತಿರುಗುವವರೆಗೆ ಅವಳು ಉಸಿರಾಡುವುದಿಲ್ಲ.

ಎಲ್ಲರಿಗೂ ನಿಜ ಹೇಳಿಬಿಡುತ್ತೇನೆ ಎಂದು ಊರಿಗೆ ಫೋನ್ ಮಾಡಿದ್ದೆ. “ಹೇಳಿ ಎಂತ ಮಾಡ್ತಿ?” ಎಂದರು ಅಜ್ಜಿ. “ದೂರು ನನ್ನ ಮೇಲೆ ಇದ್ರೆ ಇನ್ನು ನಾಲ್ಕು ವರ್ಷ. ನಿನ್ನ ಮೇಲೆ ಬಿದ್ರೆ ಆಯುಷ್ಯ ಇಡೀ ಹೊರ್ಬೇಕು.” ನಾನು ಹೇಳಲಿಲ್ಲ. ಎದುರುತ್ತರ ಹೊಳೆಯದೆ ಅಲ್ಲ; ಅವರ ಮಾತು ನನಗೆ ಅನುಕೂಲವಾಗಿತ್ತು.

ಕಳೆದ ಭಾನುವಾರ ನೆಂಟರ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ದೊಡ್ಡಮ್ಮ ಅದೇ ಕಥೆ ತೆಗೆದರು. ಪ್ರಸಾದದ ದೊನ್ನೆ ಹಿಡಿದು ನಿಂತಿದ್ದ ಅಕ್ಕ ಹೌದೆಂದು ತಲೆಯಾಡಿಸಿದಳು. ಮರಳುವಾಗ ರಿಕ್ಷಾದಲ್ಲಿ ಮಗು ಬಲಗಿವಿಯನ್ನು ಅವಳ ಎದೆಗೊತ್ತಿ ಮಲಗಿತ್ತು. ಈ ಬಾರಿ ನನ್ನಲ್ಲಿ ವಾದವೇನೂ ಇರಲಿಲ್ಲ.

“ಅಕ್ಕ, ಅವತ್ತು ಅಡುಗೆಮನೆಯಲ್ಲಿ ನೀನೂ ಇದ್ದಿಯಲ್ಲ. ಈಗ ತಲೆಯಾಡಿಸಿದ್ದು ನನ್ನನ್ನು ಉಳಿಸ್ಲಿಕ್ಕಾ, ಅಲ್ಲ ನನ್ನ ಹೆಸರು ಬಂದ್ರೆ ಚೀಟಿ ಮಡಿಚಿದ ಕೈ ಯಾರದ್ದು ಅಂತಲೂ ಬರ್ತದೆ ಅಂತಾ?”