ಇಪ್ಪತ್ತೊಂದು ಮೆಟ್ಟಿಲು

ನೀರಿನ ಟ್ಯಾಂಕರು ಬಂದು ಹೋದ ಕೂಡಲೆ ರಾಚವ್ವ ಒಂದು ತಂಬಿಗೆ ನೀರು ತುಂಬಿ ಬೇರೆ ಇಡುತ್ತಾಳೆ. ಚಹಾಕ್ಕೆ ನೀರು ಸಾಲದೆ ಹೋದರೂ ಆ ತಂಬಿಗೆಯನ್ನು ಮುಟ್ಟುವುದಿಲ್ಲ. ಆಮೇಲೆ ತಲೆಗೆ ಸೆರಗು ಹೊದ್ದು, ಅದನ್ನು ಹಿಡಿದುಕೊಂಡು ಕಂಬದ ಕಡೆ ನಡೆಯುತ್ತಾಳೆ. ಮಳೆ ಇರಲಿ, ಮೈಯಲ್ಲಿ ಜ್ವರವಿರಲಿ, ಇದು ತಪ್ಪಿದ್ದಿಲ್ಲ.

ದಹಿಸರ್‌ನ ಪೂರ್ವಕ್ಕೆ, ಗುಡ್ಡದ ಬುಡದಲ್ಲಿ ಒಂದು ಕಲ್ಲಿನ ಖಣಿ ಇದೆ. ಇಲ್ಲಿಯವರು ಅದನ್ನು ಖದಾನ್ ಎನ್ನುತ್ತಾರೆ. ಅಗೆಯಲು ಶುರು ಮಾಡಿದಾಗಲೇ ಒಂದು ಕಡೆ ಕಲ್ಲನ್ನು ಕಡಿಯದೆ, ಮೇಲಿನ ಹುಲ್ಲಿನ ಸಮೇತ ಕಂಬದಂತೆ ಬಿಟ್ಟಿದ್ದರು. ಮೊದಲು ನೆಲ ಎಷ್ಟು ಎತ್ತರಕ್ಕಿತ್ತು ಎಂದು ಅಳತೆಗೆ ಬಂದವರಿಗೆ ತೋರಿಸಲು ಹೀಗೆ ಬಿಡುವುದು ಮಣ್ಣು ಕಲ್ಲಿನ ಕೆಲಸದವರ ಹಳೆಯ ಪದ್ಧತಿ. ಅದಕ್ಕೆ ಅವರು ಸಾಕ್ಷಿ ಎನ್ನುತ್ತಾರೆ. ಶಹಾಪುರದ ಕಡೆಯಿಂದ ಬಂದ ಮೊದಲ ತಂಡದಲ್ಲಿ ರಾಚವ್ವನ ಗಂಡ ನಿಂಗಣ್ಣನೂ ಇದ್ದ. ಖಣಿ ಇನ್ನೂ ಇಷ್ಟು ಆಳವಿಲ್ಲದಾಗ ಸಾಕ್ಷಿಯ ಒಂದು ಬದಿಗೆ ಉಳಿಯಿಂದ ಇಪ್ಪತ್ತೊಂದು ಮೆಟ್ಟಿಲು ಕಡಿದವನು ಅವನೇ. ತುದಿಯಲ್ಲಿ ಗೇಣುದ್ದದ ಕಲ್ಲೊಂದನ್ನು ದುರ್ಗವ್ವನೆಂದು ನಿಲ್ಲಿಸಿದ. ಎಂಟು ವರ್ಷದ ಹಿಂದೆ, ಎದೆಯಲ್ಲಿ ಕಲ್ಲಿನ ಧೂಳು ಕೂತು, ತೀರಿಕೊಂಡ.

ರಾಚವ್ವ ಮೆಟ್ಟಿಲಿಗೊಂದು ಹೆಸರು ಹೇಳುತ್ತ ಏರುತ್ತಾಳೆ. ಮೊದಲನೆಯದಕ್ಕೆ ಬಸವಣ್ಣ, ಎರಡನೆಯದಕ್ಕೆ ಹುಲಿಗೆಮ್ಮ. ಹೀಗೆ ಊರ ಕಡೆಯ ದೇವರು, ಶರಣರು ಹದಿನೆಂಟಕ್ಕೆ ಮುಗಿಯುತ್ತಾರೆ. ಹತ್ತೊಂಬತ್ತಕ್ಕೆ ಮುಂಬಾದೇವಿ, ಇಪ್ಪತ್ತಕ್ಕೆ ಮಾಹಿಮಿನ ಬಾಬಾ. ಇಪ್ಪತ್ತೊಂದನೆಯದು ನಿಂಗಣ್ಣನದು. ಗಂಡನ ಹೆಸರು ಹಿಡಿಯಬಾರದೆಂದು ಅಲ್ಲಿ ಸುಮ್ಮನೆ ಒಂದು ಉಸಿರು ನಿಂತು, ಆಮೇಲೆ ತುದಿಗೆ ಕಾಲಿಡುತ್ತಾಳೆ. ದುರ್ಗವ್ವನಿಗೆ ನೀರೆರೆದು ಇಳಿದು ಬಂದರೆ, ಸಂಜೆಯವರೆಗೆ ಕ್ರಷರಿನ ಬಳಿ ಒಡೆದ ಕಲ್ಲಿನ ಖಡಿ ಸೋಸುವ ಕೆಲಸ.

ಖದಾನಿನ ಪಕ್ಕದ ಏರಿನಲ್ಲಿ ಏಳು ಮಹಡಿಯ ಬಿಲ್ಡಿಂಗ್ ಇದೆ. ಕಳೆದ ಮಳೆಗಾಲದಲ್ಲಿ ಅದರ ಗೋಡೆಗಳು ಬಿರುಕು ಬಿಟ್ಟವು. ನಲವತ್ತು ಅಡಿ ಅಗೆಯಲು ಲೈಸೆನ್ಸ್ ಪಡೆದವರು ಅದಕ್ಕೂ ಆಳ ಹೋಗಿದ್ದಾರೆ ಎಂದು ಅಲ್ಲಿಯವರು ಕಲೆಕ್ಟರ್ ಕಚೇರಿಗೆ ದೂರು ಕೊಟ್ಟರು. ನಲವತ್ತರ ಒಳಗೇ ಇದ್ದೇವೆ ಎಂದ ಮಾಲೀಕ. ತಹಶೀಲ್ದಾರರೇ ಬಂದು ಅಳೆಯಲು ಒಂದು ಗುರುವಾರ ಗೊತ್ತುಮಾಡಿದರು.

ಅದರ ಹಿಂದಿನ ವಾರ ಆಂಟಾಪ್ ಹಿಲ್‌ನಲ್ಲಿರುವ ಮಗಳ ಕೂಸಿಗೆ ಹೆಸರಿಡುವುದಿತ್ತು. ನಾಲ್ಕು ದಿನದ ಮಟ್ಟಿಗೆ ರಾಚವ್ವ ತಂಬಿಗೆಯನ್ನು ಪಕ್ಕದ ಖೋಲಿಯ ಲಕ್ಷ್ಮವ್ವನ ಕೈಗೆ ಕೊಟ್ಟು ಹೋದಳು. ಮರಳಿ ಬಂದ ಮರುದಿನ ಎಂದಿನಂತೆ ಕಂಬ ಏರಿದಳು. ಹದಿನೆಂಟನೆಯ ಹೆಸರು ಮುಗಿದದ್ದೇ ಕಾಲು ಹುಲ್ಲಿನ ಮೇಲಿತ್ತು. ಎರಡು ಹೆಸರು, ಒಂದು ಉಸಿರು ಬಾಯಲ್ಲೇ ಉಳಿದವು. ಇಳಿದಳು, ಮತ್ತೆ ಏರಿದಳು. ಹುಲ್ಲು ಅದೇ, ದುರ್ಗವ್ವ ಅದೇ, ಮುಖವೂ ಮೂಡಣಕ್ಕೇ. ಮೆಟ್ಟಿಲು ಮಾತ್ರ ಹದಿನೆಂಟು.

"ದಿನಾ ಮ್ಯಾಲ ಹತ್ತಿ ನೀರು ಹಾಕಿದೇನವಾ?" ಎಂದು ಲಕ್ಷ್ಮವ್ವನನ್ನು ಕೇಳಿದಳು.

ಲಕ್ಷ್ಮವ್ವ ಮೊಣಕಾಲು ನೀವಿಕೊಂಡಳು. "ಬುಡಕ್ಕ ಹಾಕೀನಿ. ಗಿಡಕ್ಕಾದ್ರೂ ಬುಡಕ್ಕ ಹಾಕ್ತಾರ, ತುದಿಗೆ ಮುಟ್ಟೂದಿಲ್ಲೇನು? ಎರಡು ದಿನ ಅಲ್ಲೆ ಮಷೀನ್ ಬ್ಯಾರೆ ನಡದಿತ್ತು. ಹತ್ರ ಬರಬ್ಯಾಡ್ರಿ ಅಂದ್ರು."

ರಾಚವ್ವ ನೇರವಾಗಿ ಮ್ಯಾನೇಜರ್ ಕಾಶಿನಾಥನ ಬಳಿ ಹೋದಳು. ಅವನೂ ಅದೇ ಸೀಮೆಯವನು. ಮುಂಬಯಿಗೆ ಬಂದ ಹೊಸದರಲ್ಲಿ ಎರಡು ವರ್ಷ ಇವಳ ಕೈಯ ರೊಟ್ಟಿ ಉಂಡವನು.

"ಚಿಗವ್ವ, ನೀ ಮೆಟ್ಟಲಾ ಎಣಸ್ತಿ ಅಂತ ಯಾರಿಗೆ ಗೊತ್ತಿತ್ತು?" ಎಂದ ಅವನು.

"ಎಣಸೂದಿಲ್ಲಪಾ. ಹೆಸರು ಹೇಳ್ತೀನಿ."

"ಹಂಗಾರ ಮೂರು ಹೆಸರು ಬಿಡು. ದೇವ್ರು ಸಿಟ್ಟಾಗೂದಿಲ್ಲ."

"ಯಾರನ್ನ ಬಿಡ್ಲಿ? ನೀನ ಹೇಳು."

ಕಾಶಿನಾಥ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. "ಚಾಷ್ಟಿ ಸಾಕು. ಈ ಸಾಲಿನ್ಯಾಗ ಹನ್ನೆರಡು ಮನಿ ಅದಾವ. ಸೀಲ್ ಬಿದ್ರ ಕೆಲಸ ಇಲ್ಲ, ಟ್ಯಾಂಕರ್ ಇಲ್ಲ, ಲೈಟ್ ಇಲ್ಲ. ನಿನ್ನ ಖೋಲಿನೂ ಸೇಠಂದ. ಆ ಬಿಲ್ಡಿಂಗ್‌ನವರು ನಿನಗೇನು ಆಗಬೇಕು?"

ಏನೂ ಆಗಬೇಕಿರಲಿಲ್ಲ. ಬೇಸಿಗೆಯಲ್ಲಿ ಟ್ಯಾಂಕರು ತಪ್ಪಿದ ಒಂದು ದಿನ, ಆ ಬಿಲ್ಡಿಂಗಿನ ಗೇಟಿನ ನಳಕ್ಕೆ ಕೊಡ ಹಿಡಿದಾಗ ವಾಚ್‌ಮನ್ ಇವರನ್ನೆಲ್ಲ ಓಡಿಸಿದ್ದ. ಖಡಿ ಸೋಸುತ್ತ ರಾಚವ್ವ ಅದನ್ನೂ ನೆನೆದಳು, ಹನ್ನೆರಡು ಮನೆಗಳನ್ನೂ ನೆನೆದಳು. ಕೇಳಿದರೆ ಮಾತ್ರ ಹೇಳುವುದು, ಕೇಳದಿದ್ದರೆ ಸುಮ್ಮನಿರುವುದು ಎಂದುಕೊಂಡಳು. ಕೇಳದಿರಲಿ ಎಂದು ದುರ್ಗವ್ವನಲ್ಲಿ ಬೇಡಿಕೊಂಡಳು.

ಗುರುವಾರ ತಹಶೀಲ್ದಾರ್ ಶೀತಲ್ ಮೇಡಂ ಗುಮಾಸ್ತನನ್ನೂ ಕಂದಾಯದ ಲೆಕ್ಕ ನೋಡುವ ತಲಾಠಿಯನ್ನೂ ಕರೆದುಕೊಂಡು ಬಂದರು. ಬಿಲ್ಡಿಂಗ್ ಸೊಸೈಟಿಯ ಸೆಕ್ರೆಟರಿ ಪ್ರಶಾಂತ, ಕರಾವಳಿಯ ಕಡೆಯವರು, ಫೋರ್ಟ್‌ನ ಬ್ಯಾಂಕೊಂದರಲ್ಲಿ ಕೆಲಸ ಮಾಡುವವರು, ರಜೆ ಹಾಕಿ ಬಂದಿದ್ದರು. ಮೂರು ಕಾಲಿನ ಯಂತ್ರವನ್ನಿಟ್ಟು ಸಾಕ್ಷಿಯ ತುದಿಯಿಂದ ಖದಾನಿನ ತಳಕ್ಕೆ ಅಳೆದರು. ಮೂವತ್ತೊಂಬತ್ತು ಅಡಿ ಬಂತು. ಪ್ರಶಾಂತರ ಮುಖ ಇಳಿಯಿತು.

ಮೇಡಂ ಪಂಚನಾಮೆ ಬರೆಸಿದರು. ಸಹಿಗೆ ಬಿಲ್ಡಿಂಗಿನವರೊಬ್ಬರು, ಖದಾನಿನವರೊಬ್ಬರು ಬೇಕಿತ್ತು. "ಇಲ್ಲಿ ಎಲ್ಲರಿಗಿಂತ ಹಳಬರು ಯಾರು?" ಎಂದು ಮರಾಠಿಯಲ್ಲಿ ಕೇಳಿದರು. ಎಲ್ಲರೂ ರಾಚವ್ವನ ಕಡೆ ನೋಡಿದರು.

ಗುಮಾಸ್ತ ಓದಿ ಹೇಳಿದ. ಸಾಕ್ಷಿಯನ್ನು ಯಾರೂ ಮುಟ್ಟಿಲ್ಲ, ಮೊದಲಿದ್ದಂತೆಯೇ ಇದೆ ಎಂಬ ಸಾಲು ಅದರಲ್ಲಿತ್ತು. ರಾಚವ್ವ ಪೆನ್ನು ಹಿಡಿದಳು. ಆಮೇಲೆ ಅದನ್ನು ಕಾಗದದ ಪಕ್ಕ ಇಟ್ಟಳು.

"ಮೂರು ಮೆಟ್ಟಿಲು ಕಡಿಮಿ ಅದಾವ್ರಿ ಮೇಡಂ," ಎಂದು ತನಗೆ ಬಂದ ಮರಾಠಿಯಲ್ಲಿ ಹೇಳಿದಳು.

ಮಾಲೀಕನ ವಕೀಲ ನಕ್ಕ. "ಬರೆದಿಟ್ಟಿದ್ದಾಳೆಯೇ ಇವಳು?"

ಇವಳು ಹೆಸರುಗಳ ವಿಷಯ ಹೇಳಿದಳು. ಮೇಡಂ ನಗಲಿಲ್ಲ. ಒಂದೊಂದಾಗಿ ಹೇಳಿಸಿ ಗುಮಾಸ್ತನಿಂದ ಬರೆಸಿದರು. ಇಪ್ಪತ್ತಾಯಿತು.

"ಇಪ್ಪತ್ತೊಂದನೆಯದು?"

ರಾಚವ್ವ ಸೆರಗು ಸರಿಮಾಡಿಕೊಂಡಳು. "ಅದನ್ನ ನಾ ಹೇಳೂದಿಲ್ರಿ."

"ನಿಂಗಣ್ಣ ಅಂತ ಬರ್ಕೋರಿ," ಎಂದಳು ಹಿಂದಿನಿಂದ ಲಕ್ಷ್ಮವ್ವ. "ಆಕಿ ಗಂಡ. ಮೆಟ್ಟಲಾ ಕಡದಾಂವ ಅವನ. ಸತ್ತ ಮ್ಯಾಲೂ ಆಕಿ ಹೆಸರು ಹಿಡಿಯೂದಿಲ್ಲ, ನಾವ ಹಿಡೀಬೇಕು."

ಮೇಡಂ ಚಪ್ಪಲಿ ಬಿಚ್ಚಿ ತಾವೇ ಮೆಟ್ಟಿಲೇರಿದರು. ತಲಾಠಿ ದುರ್ಗವ್ವನನ್ನು ಒಂದು ಬಟ್ಟೆಯ ಮೇಲಿಟ್ಟು, ಗುದ್ದಲಿಯಿಂದ ಹುಲ್ಲು ಎತ್ತಿದ. ಅದು ಹಾಸಿದ ಚಾಪೆಯಂತೆ ಸುರುಳಿಯಾಗಿ ಬಂತು. ಬೇರು ಎಲ್ಲಿಯೂ ಕೆಳಗೆ ಇಳಿದಿರಲಿಲ್ಲ. ಕೆಳಗಿನ ಕಲ್ಲಿನ ಮೇಲೆ ಬ್ರೇಕರ್ ಮಷೀನಿನ ಹಲ್ಲಿನ ಗೆರೆಗಳು ಹಿಟ್ಟಿನಷ್ಟು ಬಿಳಿಯಾಗಿದ್ದವು. ಉಳಿದ ಮೆಟ್ಟಿಲುಗಳ ಎತ್ತರ ಅಳೆದು, ಹೋದ ಮೂರಕ್ಕೆ ನಾಲ್ಕು ಅಡಿ, ಒಟ್ಟು ಆಳ ನಲವತ್ತಮೂರು ಎಂದು ಬರೆದರು. ಬೇರೆ ಪಂಚನಾಮೆ ಸಿದ್ಧವಾಯಿತು. ಅದಕ್ಕೆ ರಾಚವ್ವ ಸಹಿ ಮಾಡಿದಳು. ಕಾಶಿನಾಥ ಅವಳ ಕಡೆ ನೋಡದೆ ಹೊರಟುಹೋದ.

ಮೂರನೆಯ ದಿನ ಖದಾನಿಗೆ ಸೀಲ್ ಬಿತ್ತು. ಟ್ಯಾಂಕರು ನಿಂತಿತು. ಹನ್ನೆರಡು ಮನೆಯ ಹೆಂಗಸರು ಕೊಡ ಹೊತ್ತು ಹೆದ್ದಾರಿಯ ಬದಿಯ ನಳಕ್ಕೆ ಹೋಗತೊಡಗಿದರು. ಕೆಲವರು ರಾಚವ್ವನೊಡನೆ ಮಾತು ಬಿಟ್ಟರು. ಲಕ್ಷ್ಮವ್ವ ಬಿಡಲಿಲ್ಲ, ಆದರೆ ಬೈಯುವುದನ್ನೂ ಬಿಡಲಿಲ್ಲ. ಈಗ ಒಳಗೆ ಹೋಗುವಂತಿಲ್ಲವಾದ್ದರಿಂದ ರಾಚವ್ವ ತಂತಿ ಬೇಲಿಯ ಹೊರಗೇ ತಂಬಿಗೆ ಬಗ್ಗಿಸುತ್ತಾಳೆ.

"ನಾ ಬುಡಕ್ಕ ಹಾಕಿದಾಗ ಮಾರಿ ಮಾಡಿದ್ದಿ," ಎಂದಳು ಲಕ್ಷ್ಮವ್ವ. "ನಿನ್ನ ನೀರು ಬುಡಕ್ಕೂ ಮುಟ್ಟವಲ್ದು."

ಒಂದು ಸಂಜೆ ನಳದಿಂದ ಮರಳುವಾಗ ಪ್ರಶಾಂತರು ದಾರಿಯಲ್ಲಿ ಕಾದು ನಿಂತಿದ್ದರು. ಕೈಯಲ್ಲಿ ಬೀಗದ ಕೈ ಇತ್ತು.

"ರಾಚಮ್ಮ, ಸೊಸೈಟಿಯಲ್ಲಿ ಎಲ್ಲರೂ ಒಪ್ಪಿದ್ದಾರೆ. ನಮ್ಮಲ್ಲಿ ಕೆಳಗೆ ಒಂದು ರೂಮು ಖಾಲಿ ಉಂಟು. ನಳವೂ ಒಳಗೇ ಉಂಟು. ನೀವು ಇರುವಷ್ಟು ದಿನ ಇರಿ, ಬಾಡಿಗೆ ಬೇಡ. ನಮಗೆ ಅಷ್ಟು ಉಪಕಾರ ಮಾಡಿದ್ದೀರಿ."

ರಾಚವ್ವ ತಲೆಯ ಮೇಲಿನ ಕೊಡಕ್ಕೆ ಒಂದು ಕೈ ಕೊಟ್ಟು, ಇನ್ನೊಂದರಲ್ಲಿ ತಂಬಿಗೆ ಹಿಡಿದು ನಿಂತಿದ್ದಳು.

"ನಿಮಗ ಉಪಕಾರ ಆಗಲಿ ಅಂತ ಹೇಳಿಲ್ರಿ ಸಾಹೇಬ್ರ. ಮೆಟ್ಟಿಲು ಇದ್ದಷ್ಟು ಹೇಳಿದೆ."

"ಇರಲಿ. ಆದರೂ ತಗೊಳ್ಳಿ."

"ಮುಂದಿನ ತಿಂಗಳ ವಿಚಾರಣಿ ಐತಿ. ಏನು ಸಿಕ್ತವಾ ನಿನಗ ಅಂತ ಆ ವಕೀಲ ಕೇಳ್ತಾನ. ಏನೂ ಇಲ್ಲ ಅನ್ನಾಕಿ ನಾನು."

"ವಿಚಾರಣೆ ಮುಗಿದ ಮೇಲೆ ಬನ್ನಿ ಹಾಗಾದರೆ. ಅಲ್ಲಿಯವರೆಗೆ ಖಾಲಿ ಇಡಿಸುತ್ತೇನೆ."

"ಇಡಿಸಬ್ಯಾಡ್ರಿ," ಎಂದಳು ರಾಚವ್ವ. "ಆವಾಗೂ ಬರೂದಿಲ್ಲ."

ಕೊಡದ ನೀರು ತುಳುಕದಂತೆ ಪಕ್ಕಕ್ಕೆ ಸರಿದು, ಅವರನ್ನು ದಾಟಿ ನಡೆದಳು.