ಹತ್ತು ಲಕ್ಷದ ಮೂರು

ಗಣಿತದಲ್ಲಿ ನಾನು ದಡ್ಡ ಎಂದು ಹೇಳಿಕೊಳ್ಳುವುದರಲ್ಲಿ ನನಗೊಂದು ಹೆಮ್ಮೆಯಿತ್ತು. ಕುಂಬ್ರದ ಹತ್ತಿರದ ಹೈಸ್ಕೂಲೊಂದರಲ್ಲಿ ಕನ್ನಡ ಮೇಷ್ಟ್ರಾದ ನಾನು, ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದ ಕಥೆಯನ್ನು ಪ್ರತಿವರ್ಷ ಉಪ್ಪುಖಾರ ಹಚ್ಚಿ ಹೇಳುತ್ತಿದ್ದೆ. ಮಕ್ಕಳು ನಗುತ್ತಿದ್ದರು, ನಾನು ಜನಪ್ರಿಯನಾಗುತ್ತಿದ್ದೆ.

ಕಳೆದ ವರ್ಷ ಒಂಬತ್ತನೆಯ ತರಗತಿಯ ಶಮೀಮಾ ಗಣಿತದ ಪರೀಕ್ಷೆಯಲ್ಲಿ ಖಾಲಿ ಹಾಳೆ ಕೊಟ್ಟಳು. ಗಣಿತದ ಜಲಜಾಕ್ಷಿ ಟೀಚರ್ ಕಾರಣ ಕೇಳಿದಾಗ, ಕನ್ನಡ ಸರ್‌ಗೂ ಲೆಕ್ಕ ಬರುವುದಿಲ್ಲವಲ್ಲ, ಆದರೂ ಅವರು ಮೇಷ್ಟ್ರಾಗಲಿಲ್ಲವೇ ಎಂದಳಂತೆ. ಸುಳ್ಯದ ಕಡೆಯ ಜಲಜಾಕ್ಷಿ ಟೀಚರ್ ದನಿ ಏರಿಸುವವರಲ್ಲ. ಸ್ಟಾಫ್ ರೂಮಿನಲ್ಲಿ ನನ್ನ ಎದುರು ಬಂದು ಕೂತು, “ನೀವು ಒಂದು ಲೆಕ್ಕವನ್ನಾದ್ರೂ ಕೊನೆವರೆಗೆ ಮಾಡಿದ್ದುಂಟಾ ಮಾರಾಯ್ರೆ?” ಎಂದು ಕೇಳಿದರು.

ಅವರು ಒಂದು ಚೀಟಿಯಲ್ಲಿ 10,00,003 ಎಂದು ಬರೆದುಕೊಟ್ಟರು. ಒಂದನ್ನೂ ತನ್ನನ್ನೂ ಬಿಟ್ಟರೆ ಬೇರಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆ ಇದು; ಏಳಂಕಿಯ ಅವಿಭಾಜ್ಯ ಸಂಖ್ಯೆಗಳಲ್ಲಿ ಎಲ್ಲಕ್ಕಿಂತ ಚಿಕ್ಕದು. ನನ್ನ ಮಾತು ನಂಬಬೇಡಿ, ಕ್ಯಾಲ್ಕುಲೇಟರ್ ಮುಟ್ಟದೆ ಮಕ್ಕಳ ಎದುರಿಗೇ ಭಾಗಿಸಿ ನೋಡಿ ಎಂದರು. ಎರಡು ಸಂಖ್ಯೆಗಳನ್ನು ಗುಣಿಸಿ ಇದು ಬರಬೇಕಾದರೆ ಅವುಗಳಲ್ಲೊಂದು ಸಾವಿರದೊಳಗೇ ಇರಬೇಕಂತೆ. ಹಾಗಾಗಿ ಸಾವಿರದೊಳಗಿನ ಅವಿಭಾಜ್ಯಗಳಿಂದ ಭಾಗಿಸಿದರೆ ಸಾಕು. ಅವು ಬರೀ ನೂರ ಅರವತ್ತೆಂಟು.

ದಿನವೂ ಮಧ್ಯಾಹ್ನ ಊಟವಾದ ಮೇಲೆ ಒಂಬತ್ತನೆಯ ತರಗತಿಯ ಕರಿಹಲಗೆಯಲ್ಲಿ ನನ್ನ ಭಾಗಾಕಾರ ನಡೆಯಿತು. ಏಳು, ಹನ್ನೊಂದು, ಹದಿಮೂರು, ಮೂವತ್ತೇಳು: ಇವುಗಳಲ್ಲಿ ಯಾವುದರಿಂದ ಭಾಗಿಸಿದರೂ ಶೇಷ ನಾಲ್ಕೇ. ಕೈ ಲೆಕ್ಕ ಮಾಡುತ್ತಿದ್ದರೂ ಮನಸ್ಸು ವ್ಯಾಕರಣ ಬಿಡಲಿಲ್ಲ. ಅವಿಭಕ್ತ ಎಂದರೆ ಇನ್ನೂ ಪಾಲಾಗದ್ದು, ಅವಿಭಾಜ್ಯ ಎಂದರೆ ಎಂದೂ ಪಾಲಾಗಲಾರದ್ದು. ಇದನ್ನು ಕೇಳಲು ಯಾರೂ ತಯಾರಿರಲಿಲ್ಲ. ಎಲ್ಲರ ಕಣ್ಣೂ ಮುಂದಿನ ಶೇಷದ ಮೇಲೆಯೇ.

ನೂರೈವತ್ತೇಳರಿಂದ ಭಾಗಿಸಿದ ದಿನ ಶೇಷ ಸೊನ್ನೆ ಬಂತು. ಗಣಿತವನ್ನೇ ಸೋಲಿಸಿದವನ ಠೀವಿಯಲ್ಲಿ ಟೀಚರನ್ನು ಕರೆಸಿದೆ. ಬಂದ ಉತ್ತರವನ್ನು ನೂರೈವತ್ತೇಳರಿಂದ ತಿರುಗಿ ಗುಣಿಸಿ ನೋಡಲು ಅವರು ಹೇಳಿದರು. ಗುಣಿಸಿದರೆ 9,99,933. ಎಪ್ಪತ್ತು ಕಡಿಮೆ. ತಪ್ಪು ಎಲ್ಲೆಂದು ನನಗೆ ಕಾಣಲಿಲ್ಲ. ಕಂಡದ್ದು ಹಿಂದಿನ ಬೆಂಚಿನ ಶಮೀಮಾಳಿಗೆ.

“ಸರ್, ಮೇಲೆ ನೂರ ನಲವತ್ತೆಂಟು ಉಂಟು. ಕೆಳಗೆ ನೂರ ನಲವತ್ತೊಂದು ಬರ್ದಿದ್ದೀರಿ.”

ಒರೆಸಿ ತಿದ್ದಿದೆ; ಶೇಷ ಎಪ್ಪತ್ತು ಬಂತು. ಮರುದಿನ ಅವಳೇ ಮುಂದಿನ ಬೆಂಚಿಗೆ ಬಂದು ಕೂತು, ನನ್ನ ಒಂದೊಂದು ಸಾಲನ್ನೂ ತನ್ನ ಪುಸ್ತಕದಲ್ಲಿ ಮಾಡಿ ನೋಡತೊಡಗಿದಳು. ನಾನು ತಡವರಿಸಿದಲ್ಲಿ ಅವಳು ಕಾಯುತ್ತಿದ್ದಳು.

ಕೊನೆಯದು ಒಂಬೈನೂರ ತೊಂಬತ್ತೇಳು. ಶೇಷ ಹನ್ನೆರಡು ಎಂದು ಬರೆದು ಗೆರೆ ಎಳೆದಾಗ ಮಕ್ಕಳು ಡೆಸ್ಕು ಬಡಿದ ಸದ್ದಿಗೆ ಪಕ್ಕದ ತರಗತಿಯವರು ಓಡಿ ಬಂದರು. ಬಾಗಿಲಲ್ಲಿ ನಿಂತಿದ್ದ ಟೀಚರ್ ನಕ್ಕರು. ತಿಳಿದವರಿಗೆಲ್ಲ ತಿಳಿದಿದ್ದ ಸಂಗತಿಯೇ ಸರಿ. ಆದರೆ ನನಗೆ ಅದು ಯಾರೋ ಹೇಳಿ ಗೊತ್ತಾದದ್ದಲ್ಲ. ಅಂಗಿಯ ತುಂಬ ಸೀಮೆಸುಣ್ಣ ಮೆತ್ತಿಕೊಂಡು ರಾಜನಂತೆ ನಡೆದೆ.

ಮುಂದಿನ ವಾರ ಶಮೀಮಾ ಜಗಲಿಯಲ್ಲಿ ನನ್ನನ್ನು ತಡೆದು ಪುಸ್ತಕ ಬಿಚ್ಚಿದಳು. ಯಾರೂ ಹೇಳದೆಯೇ 10,00,001 ಅನ್ನು ಹಿಡಿದು ಕೂತಿದ್ದಳು. ಇಪ್ಪತ್ತೈದು ಅವಿಭಾಜ್ಯಗಳಿಗೆ ಅದು ಜಗ್ಗಲಿಲ್ಲ. ಇಪ್ಪತ್ತಾರನೆಯದಾದ ನೂರ ಒಂದಕ್ಕೆ ಶೇಷವೇ ಉಳಿಯಲಿಲ್ಲ. 9,901ರಿಂದ ತಿರುಗಿ ಗುಣಿಸಿಯೂ ನೋಡಿದ್ದಳು.

“ಇದು ಒಡೀತು ಸರ್,” ಎಂದಳು.

ನನ್ನದು ಒಡೆಯದೆ ಗೆದ್ದೆ, ಅವಳದು ಒಡೆದು ಗೆದ್ದಳು. ಇಬ್ಬರಿಗೂ ಪೂರ್ತಿ ಅಂಕ ಕೊಡುವಷ್ಟು ಉದಾರಿ ಈ ಗಣಿತ ಎಂದು ತಿಳಿಯಲು ನನಗೆ ಐವತ್ತು ವರ್ಷ ಬೇಕಾಯಿತು. ಅವಳಿಗೆ ಹದಿನಾಲ್ಕೇ ಸಾಕಾಯಿತು.