ಕಡವಿನ ಬೆಂಕಿ

ಕನ್ನಂಬಾಡಿ ಕಟ್ಟೆಯನ್ನು ಇನ್ನೂ ಕಟ್ಟುತ್ತಿದ್ದ ಕಾಲ. ಮದುವೆಯಾದ ಮರುದಿನ ಬೆಳಿಗ್ಗೆ ನಾನು ಕಿಕ್ಕೇರಿ ಕಡೆಯ ತವರಿನಿಂದ ಹೊರಟು, ಹೇಮಾವತಿ ದಾಟಿ ಗಂಡನ ಊರಿಗೆ ಹೋಗಬೇಕಿತ್ತು. ನಮ್ಮ ಕಡವಿನಲ್ಲಿ ಸೇತುವೆ ಇರಲಿಲ್ಲ, ಹರಿಗೋಲೇ ಗತಿ.

ಕಾರ್ತಿಕದ ಮಂಜು. ಪಕ್ಕದಲ್ಲಿ ಕೂತ ಗಂಡನ ಪೇಟವೂ ಮಸುಕು. ಎದುರಿಗೆ ಮಾವ. ನಡುಹೊಳೆಯಲ್ಲಿ ಅಂಬಿಗ ಹುಟ್ಟು ನಿಲ್ಲಿಸಿದ.

“ಬೆಂಕಿ ಕಾಣ್ತಿಲ್ಲ ಗೌಡ್ರೇ. ಅಕ್ಕಾರು ಯಾಕೋ ಅಚ್ಚಿಲ್ಲ.”

“ನಾನೇ ಬ್ಯಾಡ ಅಂದಿದ್ದೆ ಕಣ್ಲಾ,” ಎಂದರು ಮಾವ. “ಮದುವೆಣ್ಣಿನ ಎದುರಿಗೆ ಬರಬ್ಯಾಡ, ಮನೇಲಿರು ಅಂದೆ.”

ಅಕ್ಕಾರು ಎಂದರೆ ಮಾವನ ವಿಧವೆ ತಂಗಿ. ಅವರ ಗಂಡ ಇದೇ ಹೊಳೆಯಲ್ಲಿ, ಇಂಥದ್ದೇ ಮಂಜಿನಲ್ಲಿ ದಿಕ್ಕು ತಪ್ಪಿ ಮುಳುಗಿದ್ದರು. ಅಂದಿನಿಂದ ಮಂಜು ಬಿದ್ದ ದಿನವೆಲ್ಲ ಆಕೆ ಆಚೆ ದಡದ ಬಂಡೆಯ ಮೇಲೆ ಬೆಂಕಿ ಹಾಕುವರು. ಅಂಬಿಗರು ಅದನ್ನೇ ನೋಡಿಕೊಂಡು ಹುಟ್ಟು ಹಾಕುವರು. ಹಿಂದೆ ದಂಡು ಬರುವ ಸುಳಿವು ಸಿಕ್ಕಾಗ ಊರವರನ್ನು ಎಚ್ಚರಿಸಲು ಅದೇ ಬಂಡೆಯ ಮೇಲೆ ಬೆಂಕಿ ಹಚ್ಚುತ್ತಿದ್ದರಂತೆ.

ಕೆಳಗಿನ ಒಡ್ಡಿನ ಮೇಲೆ ನೀರು ಧುಮುಕುವ ಸದ್ದು ಹತ್ತಿರವಾಯಿತು.

“ಯಾವ ಕಡೀಕೆ ಉಟ್ಟಾಕ್ಲಿ?” ಅಂಬಿಗ ಆಚೀಚೆ ಕತ್ತು ಹೊರಳಿಸಿ ನೋಡಿದ.

ಗಂಡ ಎರಡೂ ಕೈ ಬಾಯಿಗಿಟ್ಟು “ಅತ್ತೇ...” ಎಂದು ಕೂಗಿದರು. ಮತ್ತೆ ಕೂಗಿದರು. ನಾನು ಹರಿಗೋಲಿನ ಅಂಚನ್ನು ಬಿಗಿಯಾಗಿ ಹಿಡಿದೆ. ಸ್ವಲ್ಪ ಹೊತ್ತಿಗೆ ಬಲಗಡೆ ಮಂಜು ಕೆಂಪಗಾಯಿತು.

“ಅಗೋ, ಬದುಕ್ಕಂಡೊ!” ಅಂಬಿಗ ಅತ್ತ ತಿರುಗಿಸಿದ.

ಮಂಜು ಕಂಡ ಕೂಡಲೇ ಆಕೆ ಅಣ್ಣನ ಮಾತು ಮೀರಿ ದಡಕ್ಕೆ ಬಂದಿದ್ದರು. ಸೌದೆಯೆಲ್ಲ ಇಬ್ಬನಿಗೆ ನೆನೆದಿದ್ದರಿಂದ ಮನೆಗೆ ಓಡಿ, ಅಟ್ಟದ ಒಣಗರಿ ಹೊತ್ತು ತಂದು ಹಚ್ಚಿದ್ದರು. ನಾವು ದಡ ಮುಟ್ಟುವಾಗ ಸೆರಗೆಳೆದುಕೊಂಡು ಬಂಡೆಯ ಹಿಂದೆ ಸರಿದರು. ನಾನು ನೇರ ಅಲ್ಲಿಗೇ ಹೋಗಿ ಕಾಲು ಮುಟ್ಟಿದೆ.

“ಬ್ಯಾಡ ಕಣ್ಮಗ, ಎಲ್ಲ ನೋಡ್ತಾವ್ರೆ.”

“ನೋಡ್ಲಿ ಬುಡಿ ಅತ್ತೆ.”

ಹೊಸ ಸೊಸೆಗೆ ಅಷ್ಟು ಬಾಯಿ ಎಲ್ಲಿಂದ ಬಂತೋ! ಮಾವ ತಂಗಿಯ ಕಡೆ ತಿರುಗಿ, “ನೀನೇ ಮುಂದೆ ನಡಿಯವ್ವ, ಮನೆ ತುಂಬಿಸ್ಕೊ,” ಎಂದರು.

ಮಸಿ ಹತ್ತಿದ ಕೈಯಲ್ಲೇ ಆಕೆ ನನ್ನ ಕೈ ಹಿಡಿದು ಬೀದಿಯುದ್ದಕ್ಕೂ ನಡೆದರು. ಜಗಲಿಗಳ ಮೇಲಿನ ಹೆಂಗಸರು ಗುಸುಗುಟ್ಟಿದರು. ನಾನು ತಲೆ ತಗ್ಗಿಸಲಿಲ್ಲ.

ಆಕೆಯ ಕಣ್ಣು ಮಂಜಾದ ಮೇಲೆ ಆ ಕೆಲಸ ನನಗೆ ಬಂತು. ನಾನು ಹಾಕಿದ ಮೊದಲ ಬೆಂಕಿ ನೋಡಿ ಅಂಬಿಗ ನಡುಹೊಳೆಯಿಂದಲೇ ಕೂಗಿದ: “ಅಕ್ಕಾರ ಕೈನಂಗೇ ಅದೆ ಕಣವ್ವೋ!” ಆಮೇಲೆ ಮೈಮೇಲೆ ಎಷ್ಟೋ ಒಡವೆ ಬಂತು. ಆ ಮಾತಿಗೆ ಬೀಗಿದಷ್ಟು ನಾನು ಯಾವುದಕ್ಕೂ ಬೀಗಿದವಳಲ್ಲ.